ಚಕ್ರದ ಮೇಲಿನ ಕಪ್ಪು ಧೂಳು: ಬ್ರೇಕ್ ಪ್ಯಾಡ್ ಬಗ್ಗೆ ಓದುಗರ ಪ್ರಶ್ನೆಗಳಿಗೆ ಉತ್ತರ

ಕಾರಿನ ಮೈಯೆಲ್ಲ ಹೊಳೆಯುತ್ತದೆ, ಚಕ್ರ ಮಾತ್ರ ಎಷ್ಟು ತೊಳೆದರೂ ಕಪ್ಪು ಎಂಬ ದೂರು ಈ ತಿಂಗಳು ಬೆಂಗಳೂರಿನ ಹಲವು ಬಡಾವಣೆಗಳಿಂದ ಬಂದಿದೆ. ಬ್ರೇಕ್ ಧೂಳಿಗೆ ಸಂಬಂಧಿಸಿದ ಪ್ರಶ್ನೆಗಳನ್ನೆಲ್ಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಧೂಳು ಪ್ಯಾಡಿನ ಗುಣದಿಂದ ಬರುತ್ತಿದೆಯೋ, ಬ್ರೇಕಿನ ದೋಷದಿಂದ ಬರುತ್ತಿದೆಯೋ ಎಂದು ಮೊದಲು ನೋಡಿ, ಆಮೇಲೆ ದುಡ್ಡು ಬಿಚ್ಚಿ ಎನ್ನುವುದು ನಮ್ಮ ಸಲಹೆ.

ಜರ್ಮನ್ ಸೆಡಾನ್ ಒಂದನ್ನು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ. ಭಾನುವಾರ ತೊಳೆದರೆ ಬುಧವಾರಕ್ಕೆಲ್ಲ ಮುಂದಿನ ಎರಡೂ ಅಲಾಯ್ ಚಕ್ರ ಕಪ್ಪಗಾಗಿರುತ್ತವೆ. ಹಿಂದಿನವು ಅಷ್ಟಿಲ್ಲ. ನಮ್ಮ ಅಣ್ಣನ ಸಣ್ಣ ಕಾರಿಗೆ ಈ ಕಾಟವೇ ಇಲ್ಲ. ಬ್ರೇಕಿನಲ್ಲಿ ಏನಾದರೂ ದೋಷವಿದೆಯೇ? ಬೇರೆ ಪ್ಯಾಡ್ ಹಾಕಿಸಿದರೆ ಸರಿಹೋಗುತ್ತದೆಯೇ?
– ರಾಜಾಜಿನಗರದ ಓದುಗರು

ಮುಂದಿನ ಎರಡೂ ಚಕ್ರ ಒಂದೇ ಸಮನೆ ಕಪ್ಪಾಗುತ್ತಿದ್ದರೆ ಅದು ದೋಷವಲ್ಲ, ಪ್ಯಾಡಿನ ಗುಣ. ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಕ್ಕೆ ಬೀಳುತ್ತದೆ. ನಿಲ್ಲಿಸುವ ಕೆಲಸದಲ್ಲಿ ಸುಮಾರು ಶೇಕಡ 70ರಷ್ಟನ್ನು ಮುಂದಿನ ಬ್ರೇಕ್ ಮಾಡುವುದರಿಂದ ಮುಂದಿನ ಚಕ್ರಕ್ಕೇ ಧೂಳು ಹೆಚ್ಚು.

ಆ ಪುಡಿ ಬರೀ ಪ್ಯಾಡಿನದಲ್ಲ. ಚಕ್ರದ ಜೊತೆ ತಿರುಗುವ ಡಿಸ್ಕ್ ಎಂಬ ತಟ್ಟೆಯನ್ನು ಪ್ಯಾಡ್ ಒತ್ತಿ ಉಜ್ಜಿ ಕಾರು ನಿಲ್ಲಿಸುತ್ತದೆ. ಡಿಸ್ಕ್ ಎರಕದ ಕಬ್ಬಿಣದ್ದು, ಅದೂ ಸವೆಯುತ್ತದೆ. ಯುರೋಪಿನ ಕಾರುಗಳಿಗೆ ಕಾರ್ಖಾನೆಯಿಂದಲೇ ಬರುವ ಪ್ಯಾಡುಗಳಲ್ಲಿ ಉಕ್ಕಿನ ಎಳೆ, ಲೋಹದ ಪುಡಿ, ಉಜ್ಜುವ ಗುಣದ ಗಟ್ಟಿ ಖನಿಜ ಎಲ್ಲ ಇರುತ್ತವೆ. ಗಂಟೆಗೆ 180 ಕಿ.ಮೀ. ವೇಗದಿಂದಲೂ ನಂಬಿಕೆಯಿಂದ ನಿಲ್ಲಬೇಕು, ಕಾಲಿಟ್ಟ ಕೂಡಲೇ ಕಚ್ಚಬೇಕು ಎಂಬುದು ಅಲ್ಲಿನ ಲೆಕ್ಕ. ಇದಕ್ಕೆ ಲೋ-ಮೆಟಾಲಿಕ್ ಎನ್ನುತ್ತಾರೆ. ಈ ಪ್ಯಾಡ್ ತಾನೂ ಸವೆಯುತ್ತದೆ, ಡಿಸ್ಕನ್ನೂ ಸವೆಸುತ್ತದೆ. ಬಿಸಿಯಾಗಿ ಸಿಡಿಯುವ ಕಬ್ಬಿಣದ ಕಣ ಚಕ್ರದ ಲ್ಯಾಕರ್ (ಮೇಲಿನ ರಕ್ಷಣೆಯ ಲೇಪ) ಮೇಲೆ ಕೂರುತ್ತದೆ, ತೇವ ತಗುಲಿದರೆ ಅಲ್ಲೇ ತುಕ್ಕು ಹಿಡಿಯುತ್ತದೆ. ನೀರು ಹೊಡೆದರೂ ಹೋಗದ ಕಂದು ಚುಕ್ಕೆಗಳು ಇವೇ.

ನಿಮ್ಮ ಅಣ್ಣನ ಕಾರಿನದು ಬೇರೆ ಜಾತಿಯ ಪ್ಯಾಡ್ ಇರಬೇಕು. ಜಪಾನ್, ಕೊರಿಯಾ ಮೂಲದ ಕಾರುಗಳಲ್ಲಿ, ನಮ್ಮ ಬಹುತೇಕ ಸಣ್ಣ ಕಾರುಗಳಲ್ಲಿ ಎನ್‌ಎಒ ಎಂಬ (ನಾನ್-ಆಸ್ಬೆಸ್ಟಾಸ್ ಆರ್ಗ್ಯಾನಿಕ್, ಎಂದರೆ ಕಲ್ನಾರಿಲ್ಲದ) ಪ್ಯಾಡ್ ಬರುತ್ತದೆ. ಅದರಲ್ಲಿ ಅರಾಮಿಡ್ ಮತ್ತು ಖನಿಜದ ಎಳೆ, ರಾಳ, ರಬ್ಬರ್, ಗ್ರಾಫೈಟ್ ಇರುತ್ತವೆ, ಉಕ್ಕು ಇಲ್ಲವೆಂದೇ ಹೇಳಬಹುದು. ಇದು ಡಿಸ್ಕನ್ನು ಕೆರೆಯುವುದಿಲ್ಲ. ಡಿಸ್ಕಿನ ಮೇಲೆ ತನ್ನದೇ ತೆಳು ಪದರ ಹಚ್ಚಿಕೊಂಡು, ಆ ಪದರದ ಮೇಲೆ ಉಜ್ಜಿ ಹಿಡಿತ ಪಡೆಯುತ್ತದೆ. ಪದರದ ಮೇಲೆ ಪದರ ಉಜ್ಜುವಾಗ ಸವೆತ ಕಡಿಮೆ, ಧೂಳೂ ಕಡಿಮೆ. ಅಂಗಡಿಯಲ್ಲಿ ಸೆರಾಮಿಕ್ ಎಂದು ಮಾರುವುದು ಇದೇ ವಂಶದ ಪ್ಯಾಡನ್ನು, ಸೆರಾಮಿಕ್ ಎಳೆ ಸೇರಿಸಿ. ಅದರ ಧೂಳು ತಿಳಿ ಬೂದು ಬಣ್ಣದ್ದು, ಚಕ್ರಕ್ಕೆ ಅಷ್ಟಾಗಿ ಅಂಟುವುದಿಲ್ಲ. ಲಕ್ಷಾಂತರ ರೂಪಾಯಿಯ ಕಾರ್ಬನ್ ಸೆರಾಮಿಕ್ ಡಿಸ್ಕಿಗೂ ಇದಕ್ಕೂ ಸಂಬಂಧವಿಲ್ಲ, ನಿಮ್ಮ ಕಬ್ಬಿಣದ ಡಿಸ್ಕಿನ ಮೇಲೇ ಇದು ಕೂರುತ್ತದೆ.

ಹಾಗಾಗಿ ಬದಲಿಸಿದರೆ ನಿಮಗೆ ಪ್ರಯೋಜನವಿದೆ. ಯುರೋಪಿನ ಕಾರುಗಳಿಗೆಂದೇ ಕಡಿಮೆ ಧೂಳಿನ ಪ್ಯಾಡ್ ಮಾಡುವವರಿದ್ದಾರೆ: ಎಟಿಇ ಸೆರಾಮಿಕ್, ಟೆಕ್ಸ್ಟಾರ್ ಇಪ್ಯಾಡ್, ಇಬಿಸಿ ರೆಡ್‌ಸ್ಟಫ್, ಅಕೆಬೋನೋ ಅವರ ಸೆರಾಮಿಕ್ ಪ್ಯಾಡುಗಳು. ಮಾಡೆಲ್ ಹೆಸರು ಹೇಳಿ ಕೊಳ್ಳಬೇಡಿ. ಒಂದೇ ಮಾಡೆಲ್ಲಿಗೆ ಎಂಜಿನ್ ಮತ್ತು ವರ್ಷಕ್ಕೆ ತಕ್ಕಂತೆ ಎರಡು ಮೂರು ಅಳತೆಯ ಡಿಸ್ಕ್ ಇರುತ್ತದೆ. ಚಾಸಿ ನಂಬರಿನಿಂದ ಮೂಲ ಪ್ಯಾಡಿನ ಪಾರ್ಟ್ ನಂಬರ್ ತೆಗೆಸಿ, ಅದಕ್ಕೆ ಹೊಂದುವ ನಂಬರನ್ನೇ ಕೇಳಿ.

ಕಳೆದುಕೊಳ್ಳುವುದೂ ಒಂದಿಷ್ಟಿದೆ. ಮೊದಲ ಕಚ್ಚುವಿಕೆ ಮೆದುವಾಗುತ್ತದೆ, ಪೆಡಲ್ ಸ್ವಲ್ಪ ಹೆಚ್ಚು ಒತ್ತಬೇಕಾಗುತ್ತದೆ. ಮೇಲಿಂದ ಮೇಲೆ ಅತಿ ವೇಗದಿಂದ ನಿಲ್ಲಿಸಿದರೆ ಲೋ-ಮೆಟಾಲಿಕ್ ಪ್ಯಾಡಿಗಿಂತ ಬೇಗ ಸೋಲುತ್ತದೆ. ತುಮಕೂರು ರಸ್ತೆ, ಸಿಲ್ಕ್ ಬೋರ್ಡ್, ಹೆಬ್ಬಾಳದ ನಡುವೆ ಓಡುವ ಕಾರಿಗೆ ಈ ನಷ್ಟ ಗೊತ್ತೂ ಆಗುವುದಿಲ್ಲ. ವಾರವಾರ ಹೆದ್ದಾರಿಯಲ್ಲಿ ಜೋರಾಗಿ ಓಡಿಸುವವರಾದರೆ ಮೂಲ ಪ್ಯಾಡೇ ಇರಲಿ, ಚಕ್ರ ತೊಳೆದುಕೊಳ್ಳಿ ಎನ್ನುತ್ತೇವೆ.

ಮೆಕ್ಯಾನಿಕ್ಕುಗಳು ಸಾಮಾನ್ಯವಾಗಿ ಹೇಳದ ಇನ್ನೊಂದು ವಿಷಯವಿದೆ. ಧೂಳು ಮುಂದೆ ತಾನೇ ಎಂದು ಮುಂದಿನ ಪ್ಯಾಡ್ ಮಾತ್ರ ಮೆದು ಜಾತಿಯದು ಹಾಕಿಸಿ, ಹಿಂದೆ ಬಲವಾಗಿ ಕಚ್ಚುವ ಹಳೆಯದನ್ನೇ ಬಿಟ್ಟರೆ ಬ್ರೇಕಿನ ಸಮತೋಲ ಹಿಂದಕ್ಕೆ ಸರಿಯುತ್ತದೆ. ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇದನ್ನು ಸಂಭಾಳಿಸುತ್ತದೆ, ಆದರೂ ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರ ಮೊದಲು ಜಾರುವ ಸ್ಥಿತಿಯನ್ನು ನಾವೇ ಹತ್ತಿರ ತಂದಂತೆ. ಒಂದೇ ಕಂಪನಿಯ ಒಂದೇ ಸರಣಿಯ ಪ್ಯಾಡನ್ನು ಹಿಂದೆ ಮುಂದೆ ಎರಡೂ ಕಡೆ ಹಾಕಿಸಿ. ಪ್ಯಾಡ್ ಸವೆತ ತಿಳಿಸುವ ಸೆನ್ಸರ್ ವೈರ್ ತುದಿ ಉಜ್ಜಿ ಹೋಗಿದ್ದರೆ ಅದನ್ನೂ ಹೊಸದು ಹಾಕಿಸಬೇಕು. ಹ್ಯಾಂಡ್ ಬ್ರೇಕ್ ಬಟನ್ನಿನದಾಗಿದ್ದರೆ, ಸ್ಕ್ಯಾನರ್ ಹಾಕಿ ಸರ್ವಿಸ್ ಮೋಡಿಗೆ ತಂದ ಮೇಲೆಯೇ, ಪ್ಯಾಡನ್ನು ಒತ್ತುವ ಹಿಂದಿನ ಪಿಸ್ಟನ್ ಒಳಕ್ಕೆ ತಳ್ಳಬೇಕು. ಕ್ಲ್ಯಾಂಪ್ ಹಾಕಿ ಬಲವಂತವಾಗಿ ತಳ್ಳಿದರೆ ಒಳಗಿನ ಮೋಟಾರಿನ ಸ್ಕ್ರೂ ಕೆಡುತ್ತದೆ.

ನನ್ನದು ಏಳು ವರ್ಷದ ಹ್ಯಾಚ್‌ಬ್ಯಾಕ್. ಮುಂದಿನ ಎಡ ಚಕ್ರ ಮಾತ್ರ ವಿಪರೀತ ಕಪ್ಪು, ಬಲದ್ದು ಸರಿಯಾಗಿದೆ. ಗ್ಯಾರೇಜಿನಲ್ಲಿ ‘ಸೆರಾಮಿಕ್ ಪ್ಯಾಡ್ ಹಾಕಿಸಿಬಿಡಿ’ ಎಂದರು. ಹಾಕಿಸಲೇ?
– ವಿಜಯನಗರದ ಓದುಗರು

ಸದ್ಯಕ್ಕೆ ಬೇಡ. ಎಡ ಬಲದ ನಡುವೆ ಅಷ್ಟು ವ್ಯತ್ಯಾಸವಿದ್ದರೆ ಸಾಮಾನ್ಯವಾಗಿ ಎಡಗಡೆ ಬ್ರೇಕ್ ಬಿಟ್ಟ ಮೇಲೂ ಪ್ಯಾಡ್ ಡಿಸ್ಕಿಗೆ ಒತ್ತಿಕೊಂಡೇ ಇದೆ ಎಂದರ್ಥ. ಇದರ ಮೇಲೆ ಎಂಥ ಪ್ಯಾಡ್ ಹಾಕಿದರೂ ಅದೂ ಬೇಗ ಸವೆಯುತ್ತದೆ, ಡಿಸ್ಕ್ ಕಾದು ಹಾಳಾಗುತ್ತದೆ, ಮೈಲೇಜ್ ಇಳಿಯುತ್ತದೆ.

ಮನೆಯಲ್ಲೇ ನೋಡಬಹುದು. ಐದಾರು ಕಿ.ಮೀ. ಓಡಿಸಿ, ಕೊನೆಯಲ್ಲಿ ಬ್ರೇಕ್ ಆದಷ್ಟು ಕಡಿಮೆ ಬಳಸಿ ನಿಲ್ಲಿಸಿ. ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಎರಡೂ ಡಿಸ್ಕಿನ ಬಿಸಿ ಅಳೆಯಿರಿ. ಹತ್ತಿಪ್ಪತ್ತು ಡಿಗ್ರಿ ಹೆಚ್ಚು ಕಡಿಮೆ ಇರುತ್ತದೆ, ಐವತ್ತರ ಮೇಲೆ ಅಂತರವಿದ್ದರೆ ಬ್ರೇಕ್ ಹಿಡಿದಿದೆ ಎಂದು ಇಟ್ಟುಕೊಳ್ಳಿ. ಥರ್ಮಾಮೀಟರ್ ಇಲ್ಲದಿದ್ದರೆ ಚಕ್ರದ ಹತ್ತಿರ ಅಂಗೈ ತಂದರೂ ಝಳದ ವ್ಯತ್ಯಾಸ ತಿಳಿಯುತ್ತದೆ. ಡಿಸ್ಕ್ ಮುಟ್ಟಬೇಡಿ, ಚರ್ಮ ಅಂಟಿಕೊಳ್ಳುವಷ್ಟು ಕಾದಿರುತ್ತದೆ. ಆಮೇಲೆ ಜ್ಯಾಕ್ ಎತ್ತಿಸಿ, ಗೇರ್ ನ್ಯೂಟ್ರಲ್‌ನಲ್ಲಿಟ್ಟು ಚಕ್ರವನ್ನು ಕೈಯಿಂದ ತಿರುಗಿಸಿ ನೋಡಿ. ಸಣ್ಣಗೆ ಸರಸರ ಶಬ್ದ ಬರುವುದು ಸಹಜ, ಬಲ ಹಾಕಿ ತಿರುಗಿಸಬೇಕಾದರೆ ಬ್ರೇಕ್ ಕಚ್ಚಿಕೊಂಡಿದೆ.

ಚಕ್ರ ಬಿಚ್ಚಿದ ಮೇಲೆ ಹಳೆಯ ಪ್ಯಾಡುಗಳೇ ಅರ್ಧ ಕಥೆ ಹೇಳುತ್ತವೆ. ನಿಮ್ಮ ಕಾರಿನಲ್ಲಿ ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರ್‌ನಲ್ಲಿ ಪಿಸ್ಟನ್ ಒಳಗಡೆ ಮಾತ್ರ ಇರುತ್ತದೆ. ಅದು ಒಳಗಿನ ಪ್ಯಾಡನ್ನು ತಳ್ಳುತ್ತದೆ, ಆ ತಳ್ಳುವಿಕೆಗೆ ಕ್ಯಾಲಿಪರ್ ಎರಡು ಸ್ಲೈಡ್ ಪಿನ್‌ಗಳ ಮೇಲೆ ಸರಿದು ಹೊರಗಿನ ಪ್ಯಾಡನ್ನು ಎಳೆದುಕೊಳ್ಳುತ್ತದೆ. ಒಳಗಿನ ಪ್ಯಾಡ್ ಮಾತ್ರ ತುಂಬ ಸವೆದಿದ್ದರೆ ಸಾಮಾನ್ಯವಾಗಿ ಪಿಸ್ಟನ್ ಹಿಂದಕ್ಕೆ ಹೋಗುತ್ತಿಲ್ಲ. ಹೊರಗಿನದು ಹೆಚ್ಚು ಸವೆದಿದ್ದರೆ ಪಿನ್ ಬಿಗಿದಿದೆ. ಒಂದೇ ಪ್ಯಾಡ್ ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ತೆಳುವಾಗಿದ್ದರೆ ಎರಡರಲ್ಲಿ ಒಂದು ಪಿನ್ ಮಾತ್ರ ಸಿಕ್ಕಿಕೊಂಡಿದೆ.

ನಮ್ಮ ಊರಿನಲ್ಲಿ ಹೆಚ್ಚಾಗಿ ಕೆಡುವುದು ಈ ಪಿನ್ನೇ. ಮಳೆಗಾಲದಲ್ಲಿ ಅಂಡರ್‌ಪಾಸಿನಲ್ಲಿ, ರಾಜಕಾಲುವೆ ಪಕ್ಕದ ರಸ್ತೆಯಲ್ಲಿ ನಿಂತ ನೀರು ಹರಿದ ರಬ್ಬರ್ ಬೂಟಿನೊಳಗೆ ನುಗ್ಗುತ್ತದೆ, ಪಿನ್ ತುಕ್ಕು ಹಿಡಿಯುತ್ತದೆ. ಇನ್ನೊಂದು ಕಾರಣ ತಪ್ಪು ಗ್ರೀಸ್. ಚಾಸಿಗೆ ಹಚ್ಚುವ ಸಾಮಾನ್ಯ ಗ್ರೀಸ್ ಪೆಟ್ರೋಲಿಯಂ ಮೂಲದ್ದು, ಅದು ತಗುಲಿದರೆ ಬ್ರೇಕಿನ ರಬ್ಬರ್ ಊದಿಕೊಂಡು ಪಿನ್ನನ್ನೇ ಹಿಡಿದುಬಿಡುತ್ತದೆ. ಪಿನ್ ಹೊರತೆಗೆದು, ಬ್ರೇಕ್ ಕ್ಲೀನರ್‌ನಿಂದ ತೊಳೆದು, ಬೂಟ್ ಹೊಸದು ಹಾಕಿ, ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸನ್ನು ಪಿನ್ನಿನ ಮೇಲೆ ತೆಳುವಾಗಿ ಸವರಬೇಕು. ರಂಧ್ರದ ತುಂಬ ಗ್ರೀಸ್ ತುಂಬಿದರೆ ಒಳಗೆ ಗಾಳಿ ಸಿಕ್ಕಿಕೊಂಡು ಪಿನ್ ಪೂರ್ತಿ ಒಳಹೋಗುವುದಿಲ್ಲ. ಪಿನ್ನಿನ ಮೈಯಲ್ಲಿ ಗುಳಿ ಬಿದ್ದಿದ್ದರೆ ಅದನ್ನೇ ಬದಲಿಸಿ. ಪ್ಯಾಡಿನ ಕಿವಿ ಕೂರುವ ಬ್ರಾಕೆಟ್ ಜಾಗವನ್ನೂ ತಂತಿ ಬ್ರಷ್ಷಿನಿಂದ ಉಜ್ಜಿಸಿ. ಅಲ್ಲಿ ತುಕ್ಕು ಕಟ್ಟಿಕೊಂಡಿದ್ದರೆ ಪಿನ್ ಎಷ್ಟೇ ಸರಾಗವಾಗಿದ್ದರೂ ಪ್ಯಾಡ್ ಹಿಂದೆ ಸರಿಯುವುದಿಲ್ಲ.

ಪಿನ್ ಚೆನ್ನಾಗಿದ್ದೂ ಚಕ್ರ ಹಿಡಿದಿದ್ದರೆ, ಹಿಡಿದಿರುವಾಗಲೇ ಕ್ಯಾಲಿಪರ್‌ನ ಬ್ಲೀಡರ್ ಸ್ಕ್ರೂ (ಬ್ರೇಕ್ ದ್ರವ ಹೊರಬಿಡುವ ಸ್ಕ್ರೂ) ಸಡಿಲಿಸಲು ಹೇಳಿ. ದ್ರವ ಚಿಮ್ಮಿ ಚಕ್ರ ತಟ್ಟನೆ ಸಡಿಲವಾದರೆ ಒತ್ತಡ ಮೇಲಿನಿಂದಲೇ ಸಿಕ್ಕಿಕೊಂಡಿದೆ. ಹಳೆಯ ಕಾರುಗಳಲ್ಲಿ ಹೆಚ್ಚಾಗಿ ದ್ರವ ಸಾಗಿಸುವ ರಬ್ಬರ್ ಕೊಳವೆ, ಎಂದರೆ ಒಳಗೊಳಗೇ ಊದಿಕೊಂಡ ಬ್ರೇಕ್ ಹೋಸ್‌ನದು ಈ ಕೆಲಸ. ಹೋಸ್ ಹೊರಗಿನಿಂದ ನೋಡಲು ಚೆನ್ನಾಗಿಯೇ ಇರುತ್ತದೆ. ಸ್ಕ್ರೂ ಬಿಚ್ಚಿದರೂ ಸಡಿಲವಾಗದಿದ್ದರೆ ಪಿಸ್ಟನ್ ತುಕ್ಕು ಹಿಡಿದಿದೆ. ಸೀಲ್ ಕಿಟ್ ಹಾಕಿಸಿ, ಪಿಸ್ಟನ್ ಮೈ ತಿಂದುಹೋಗಿದ್ದರೆ ಕ್ಯಾಲಿಪರ್ ಬದಲಿಸಿ. ಇಷ್ಟೆಲ್ಲ ಸರಿಹೋದ ಮೇಲೂ ಎರಡೂ ಚಕ್ರ ಸಮವಾಗಿ ಕಪ್ಪಾಗುತ್ತಿದ್ದರೆ ಆಗ ಪ್ಯಾಡಿನ ಜಾತಿಯ ಮಾತು.

ಜೆ.ಸಿ. ರಸ್ತೆಯಲ್ಲಿ ಒಂದೇ ಕಾರಿಗೆ ನಾಲ್ಕು ಬಗೆಯ ಪ್ಯಾಡ್ ತೋರಿಸಿದರು. ಮೂರರ ಡಬ್ಬದ ಮೇಲೆ ‘ಸೆರಾಮಿಕ್’ ಎಂದಿತ್ತು, ಬೆಲೆಯಲ್ಲಿ ದುಪ್ಪಟ್ಟು ವ್ಯತ್ಯಾಸ. ಪ್ಯಾಡಿನ ಹಿಂದೆ ‘ಎಫ್‌ಎಫ್’, ‘ಜಿಜಿ’ ಎಂದೆಲ್ಲ ಬರೆದಿತ್ತು. ಇವನ್ನು ಓದುವುದು ಹೇಗೆ?
– ಬನಶಂಕರಿಯ ಓದುಗರು

‘ಸೆರಾಮಿಕ್’ ಎಂದು ಬರೆಯಲು ಪ್ಯಾಡಿನಲ್ಲಿ ಇಂತಿಷ್ಟು ಸೆರಾಮಿಕ್ ಇರಬೇಕೆಂಬ ಕಟ್ಟುಪಾಡು ಇಲ್ಲ. ಚಿಟಿಕೆ ಸೇರಿಸಿದವರೂ ಬರೆಯುತ್ತಾರೆ. ಆ ಪದವನ್ನು ಪಕ್ಕಕ್ಕಿಟ್ಟು ಪ್ಯಾಡನ್ನೇ ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿಯಿರಿ. ಉಜ್ಜುವ ಮೈಯಲ್ಲಿ ಹೊಳೆಯುವ ಉಕ್ಕಿನ ಎಳೆ, ಲೋಹದ ಚೂರು ದಟ್ಟವಾಗಿ ಕಂಡರೆ, ಡಬ್ಬ ಏನೇ ಹೇಳಲಿ, ಅದು ಲೋಹದ ಜಾತಿ. ಒಂದು ಅಯಸ್ಕಾಂತ ತಾಗಿಸಿ ನೋಡಿದರೂ ಅಂದಾಜು ಸಿಗುತ್ತದೆ. ಹಿಂದಿನ ಫಲಕ ಉಕ್ಕಿನದೇ ಆದ್ದರಿಂದ ಅದರ ಸೆಳೆತ ಮೋಸ ಮಾಡದಂತೆ ಉಜ್ಜುವ ಮೈಯ ಪಕ್ಕದ ಅಂಚಿನಲ್ಲಿ, ಫಲಕದಿಂದ ದೂರವಾಗಿ ಹಿಡಿಯಿರಿ.

ಎರಡು ಅಕ್ಷರ ಹಿಡಿತಕ್ಕೆ ಸಂಬಂಧಿಸಿದ್ದು. ಮೊದಲನೆಯದು ಬ್ರೇಕ್ ತಣ್ಣಗಿರುವಾಗಿನ ಘರ್ಷಣೆ, ಎರಡನೆಯದು ಕಾದಾಗಿನದು. ‘ಇ’ ಎಂದರೆ ಘರ್ಷಣಾಂಕ 0.25ರಿಂದ 0.35, ‘ಎಫ್’ 0.35ರಿಂದ 0.45, ‘ಜಿ’ 0.45ರಿಂದ 0.55. ನಗರದ ಕಾರಿಗೆ ‘ಎಫ್‌ಎಫ್’ ಧಾರಾಳ ಸಾಕು. ಎರಡನೆಯ ಅಕ್ಷರ ಮೊದಲನೆಯದಕ್ಕಿಂತ ಕೆಳಗಿದ್ದರೆ, ಉದಾಹರಣೆಗೆ ‘ಎಫ್‌ಇ’, ಕಾದಂತೆ ಹಿಡಿತ ಇಳಿಯುತ್ತದೆ. ಅಂಥದ್ದನ್ನು ಬಿಡಿ. ಧೂಳು ಎಷ್ಟು, ಬಾಳಿಕೆ ಎಷ್ಟು ಎಂಬುದನ್ನು ಈ ಅಕ್ಷರಗಳು ಹೇಳುವುದೇ ಇಲ್ಲ.

ವೃತ್ತದೊಳಗೆ ‘ಇ’ ಮತ್ತು ಒಂದು ಅಂಕಿ, ಪಕ್ಕದಲ್ಲಿ ‘90ಆರ್’ ಎಂದು ಶುರುವಾಗುವ ಸಂಖ್ಯೆ ಫಲಕದ ಮೇಲಿದ್ದರೆ ಅದು ಇಸಿಇ ಆರ್90, ಎಂದರೆ ಬದಲಿ ಪ್ಯಾಡುಗಳಿಗೆ ಯುರೋಪಿನಲ್ಲಿ ಕೊಡುವ ಮಾನ್ಯತೆ. ಆ ಪ್ಯಾಡಿನ ಹಿಡಿತ ಕಾರಿನ ಮೂಲ ಪ್ಯಾಡಿಗಿಂತ ಶೇಕಡ 15ಕ್ಕಿಂತ ಹೆಚ್ಚು ಆಚೀಚೆ ಇರಬಾರದು. ಕಡಿಮೆ ಧೂಳಿನ ಪ್ಯಾಡ್ ಹುಡುಕುವವರು ಮೊದಲು ಈ ಗುರುತು ನೋಡಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ. ಧೂಳು ಇಳಿಸಲು ಹಿಡಿತವನ್ನೇ ಇಳಿಸಿದ ಅಗ್ಗದ ಮಾಲು ಈ ಪರೀಕ್ಷೆ ದಾಟುವುದಿಲ್ಲ. ಮೂರು ಎಲೆಯ ಚಿತ್ರವಿದ್ದರೆ ತಾಮ್ರ ಶೇಕಡ 0.5ಕ್ಕಿಂತ ಕಡಿಮೆ ಎಂದು ಮಾತ್ರ ಅರ್ಥ. ತಾಮ್ರದ ಪುಡಿ ಹೊಳೆಯ ಮೀನಿಗೆ ಕೇಡು ಎಂದು ಅಮೆರಿಕದಲ್ಲಿ ಬಂದ ನಿಯಮ ಅದು, ಧೂಳಿನ ಪ್ರಮಾಣಕ್ಕೆ ಸಂಬಂಧವಿಲ್ಲ.

ಸಣ್ಣ ಕಾರಿನವರು ಇಷ್ಟು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಕಾರು ಕಂಪನಿಯ ಮೂಲ ಪ್ಯಾಡೋ, ರಾಣೆ, ಅಲೈಡ್ ನಿಪ್ಪಾನ್, ಬಾಷ್, ಬ್ರೆಂಬೋದಂಥ ಹೆಸರುಳ್ಳವರ ಪ್ಯಾಡೋ ತೆಗೆದುಕೊಂಡರೆ ಸಾಕು. ನಕಲಿಯ ಭಯ ಇರುವುದರಿಂದ ಜಿಎಸ್‌ಟಿ ಬಿಲ್ ಕೇಳಿ. ಡಬ್ಬದ ಪಾರ್ಟ್ ನಂಬರ್ ಮತ್ತು ಫಲಕದ ಮೇಲೆ ಅಚ್ಚಾದ ನಂಬರ್ ಹೊಂದಬೇಕು. ಘರ್ಷಣೆಯ ಪದರ ಫಲಕಕ್ಕೆ ಅಂಟಿದ ಅಂಚಿನಲ್ಲಿ ಬಿರುಕಾಗಲಿ ತುಕ್ಕಾಗಲಿ ಇರಬಾರದು. ಒಂದೇ ಡಬ್ಬದ ನಾಲ್ಕೂ ಪ್ಯಾಡ್ ಬಣ್ಣದಲ್ಲಿ, ದಪ್ಪದಲ್ಲಿ ಒಂದೇ ತರಹ ಇರಬೇಕು.

ತಿಂಗಳಿಗೊಮ್ಮೆ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುತ್ತೇವೆ, ಕಾರು ತುಂಬ ಜನ. ಕಡಿಮೆ ಧೂಳಿನ ಪ್ಯಾಡ್ ಘಾಟಿಯಲ್ಲಿ ಕೈಕೊಡುತ್ತದೆ ಎನ್ನುತ್ತಾರೆ, ನಿಜವೇ?
– ಯಲಹಂಕದ ಓದುಗರು

ಒಳ್ಳೆಯ ಪ್ಯಾಡ್ ಕೈಕೊಡುವುದಿಲ್ಲ. ಕೈಕೊಡುವುದು ಘಾಟಿ ಪೂರ್ತಿ ಬ್ರೇಕ್ ಮೇಲೆ ಕಾಲಿಟ್ಟು ಇಳಿಯುವ ಅಭ್ಯಾಸ. ಲೆಕ್ಕ ಹಾಕಿ ನೋಡಿ. 1,200 ಕೆ.ಜಿ. ತೂಕದ ಕಾರು ಗಂಟೆಗೆ 60 ಕಿ.ಮೀ. ವೇಗದಿಂದ ನಿಂತರೆ ಬ್ರೇಕ್ ನುಂಗುವ ಶಕ್ತಿ ಸುಮಾರು 167 ಕಿಲೋಜೂಲ್. 30ರ ವೇಗದಿಂದ ನಿಂತರೆ ಅದರ ಕಾಲುಭಾಗ, 42. ಅದೇ ಕಾರು 500 ಮೀಟರ್ ಎತ್ತರ ಇಳಿದರೆ ಸುಮಾರು 5,900 ಕಿಲೋಜೂಲ್. ಎಂದರೆ 60ರ ವೇಗದಿಂದ 35 ಸಲ ನಿಲ್ಲಿಸಿದ ಬಿಸಿ, ನಡುವೆ ಆರಲು ಬಿಡುವಿಲ್ಲದೆ. ಗಾಳಿಯ ತಡೆ, ಟೈರು, ಎಂಜಿನ್ ಸ್ವಲ್ಪ ಪಾಲು ಹೊರುತ್ತವೆ. ಗೇರ್ ಇಳಿಸಿದಷ್ಟೂ ಎಂಜಿನ್ನಿನ ಪಾಲು ಹೆಚ್ಚುತ್ತದೆ, ಬ್ರೇಕಿನದು ತಗ್ಗುತ್ತದೆ.

ಹಾಗಾಗಿ ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ, ಎರಡು ಅಥವಾ ಮೂರರಲ್ಲಿ, ಇಳಿಯಿರಿ. ಆಟೋಮ್ಯಾಟಿಕ್ ಆದರೆ ‘ಎಲ್’ ಅಥವಾ ಮ್ಯಾನ್ಯುವಲ್ ಮೋಡಿಗೆ ಹಾಕಿ. ವೇಗ ಏರಿದಾಗ ಒಮ್ಮೆ ಗಟ್ಟಿಯಾಗಿ ಒತ್ತಿ ಇಳಿಸಿ, ಪೂರ್ತಿ ಬಿಡಿ. ಸಣ್ಣಗೆ ಒತ್ತಿಕೊಂಡೇ ಹೋಗಬೇಡಿ. ಪೆಡಲ್ ಗಟ್ಟಿಯಾಗಿದ್ದೂ ಕಾರು ನಿಲ್ಲದಿದ್ದರೆ, ಸುಟ್ಟ ವಾಸನೆ ಬಂದರೆ, ಪ್ಯಾಡ್ ಸೋತಿದೆ. ಪೆಡಲ್ ಸ್ಪಂಜಿನಂತೆ ಕೆಳಗಿಳಿದರೆ ಬ್ರೇಕ್ ದ್ರವ ಕುದಿದಿದೆ, ಇದು ಹೆಚ್ಚು ಅಪಾಯ. ಹೊಸ ಡಾಟ್ 4 ದ್ರವ ಕನಿಷ್ಠ 230 ಡಿಗ್ರಿವರೆಗೆ ಕುದಿಯುವುದಿಲ್ಲ, ತೇವ ಹೀರಿಕೊಂಡ ಮೇಲೆ ಆ ಮಟ್ಟ 155ರ ಸುಮಾರಿಗೆ ಇಳಿಯುತ್ತದೆ. ಘಾಟಿ ಓಡಾಡುವವರು ಪ್ಯಾಡಿನ ಚಿಂತೆಗಿಂತ ಮೊದಲು ಎರಡು ವರ್ಷಕ್ಕೊಮ್ಮೆ ಈ ದ್ರವ ಬದಲಿಸಲಿ. ಪ್ಯಾಡ್ ಕೊಳ್ಳುವಾಗ ಆರ್90 ಗುರುತು ಇರಲಿ, ಎರಡನೆಯ ಅಕ್ಷರ ‘ಎಫ್’ ಅಥವಾ ‘ಜಿ’ ಇರಲಿ.

ಪ್ಯಾಡ್ ನಾನೇ ತಂದುಕೊಟ್ಟೆ. ಮೆಕ್ಯಾನಿಕ್ ಇಪ್ಪತ್ತು ನಿಮಿಷದಲ್ಲಿ ಹಾಕಿ ಕಳಿಸಿದರು. ಈಗ ಕೀಚಲು ಶಬ್ದ, ಹಿಡಿತವೂ ಸಾಲದು, ಧೂಳು ಮೊದಲಿಗಿಂತ ಹೆಚ್ಚು. ಪ್ಯಾಡೇ ಕಳಪೆಯೇ?
– ಆರ್.ಟಿ. ನಗರದ ಓದುಗರು

ಪ್ಯಾಡಿನ ಮೇಲೆ ತೀರ್ಪು ಕೊಡುವುದಕ್ಕೆ ಇನ್ನೂ ಕಾಲವಾಗಿಲ್ಲ. ಹಳೆಯ ಡಿಸ್ಕಿನ ಮೇಲೆ ಹಳೆಯ ಪ್ಯಾಡಿನ ಪದರ ಹಾಗೇ ಉಳಿದಿದೆ, ಅಂಚಿನಲ್ಲಿ ದಿಂಡು ಕಟ್ಟಿದೆ. ಹೊಸ ಪ್ಯಾಡ್ ಬೇರೆ ಜಾತಿಯದಾದರೆ ಎರಡರ ಪದರ ಬೆರೆತು ಹಿಡಿತ ಒಂದು ಕಡೆ ಹೆಚ್ಚು ಒಂದು ಕಡೆ ಕಡಿಮೆಯಾಗುತ್ತದೆ. ಇಪ್ಪತ್ತು ನಿಮಿಷದಲ್ಲಿ ಇದನ್ನೆಲ್ಲ ಸರಿಮಾಡುವುದು ಕಷ್ಟ.

ಮತ್ತೆ ಬಿಚ್ಚಿಸಿ. ಡಿಸ್ಕಿನ ದಪ್ಪವನ್ನು ಮೈಕ್ರೋಮೀಟರ್‌ನಿಂದ ಅಳೆಯಲಿ. ಡಿಸ್ಕಿನ ಮೇಲೇ ಕನಿಷ್ಠ ದಪ್ಪದ ಅಂಕಿ ಅಚ್ಚಾಗಿರುತ್ತದೆ, ಅದಕ್ಕಿಂತ ತೆಳುವಾಗಿದ್ದರೆ ಎರಡೂ ಬದಿಯ ಡಿಸ್ಕ್ ಒಟ್ಟಿಗೆ ಹೊಸದು ಹಾಕಿಸಿ. ದಪ್ಪ ಸಾಕಷ್ಟಿದ್ದು ಮೈ ಸಮವಾಗಿದ್ದರೆ 80ರಿಂದ 120 ನಂಬರಿನ ಎಮರಿ ಪೇಪರಿನಲ್ಲಿ ಎರಡೂ ಮುಖವನ್ನು ವೃತ್ತಾಕಾರವಾಗಿ ಉಜ್ಜಿ ಹೊಳಪು ತೆಗೆದು, ಬ್ರೇಕ್ ಕ್ಲೀನರ್‌ನಿಂದ ಒರೆಸಬೇಕು. ಗೆರೆ ಬಿದ್ದಿದ್ದರೆ ಲೇತ್‌ಗೆ ಹಾಕಬೇಕು, ಕೊರೆದ ಮೇಲೂ ಕನಿಷ್ಠ ದಪ್ಪ ಉಳಿಯುವಂತಿದ್ದರೆ ಮಾತ್ರ. ಹಬ್ ಮೇಲೆ ಡಿಸ್ಕ್ ಕೂರುವ ಜಾಗದ ತುಕ್ಕನ್ನು ಕೆರೆಯಲೇಬೇಕು. ಅಲ್ಲಿ ಸಣ್ಣ ಪೊರೆ ಉಳಿದರೂ ಡಿಸ್ಕ್ ಓಲಾಡುತ್ತದೆ, ಬ್ರೇಕ್ ಒತ್ತಿದಾಗ ಸ್ಟಿಯರಿಂಗ್ ನಡುಗುತ್ತದೆ.

ಪ್ಯಾಡ್ ಜೊತೆ ಬರುವ ಕ್ಲಿಪ್ಪು, ಶಿಮ್ಮುಗಳನ್ನು (ಪ್ಯಾಡಿನ ಹಿಂದೆ ಕೂರುವ ತೆಳು ತಗಡು) ಎಸೆದು ಹಳೆಯದನ್ನೇ ಬಿಟ್ಟಿದ್ದರೆ ಕೀಚಲು ಶಬ್ದಕ್ಕೆ ಅದೇ ಕಾರಣವಿರಬಹುದು. ಪ್ಯಾಡಿನ ಕಿವಿಗೆ, ಹಿಂಬದಿಯಲ್ಲಿ ಪಿಸ್ಟನ್ ತಾಗುವ ಕಡೆಗೆ ಮಾತ್ರ ಬ್ರೇಕ್ ಗ್ರೀಸನ್ನು ತೆಳುವಾಗಿ ಸವರಬೇಕು. ಉಜ್ಜುವ ಮೈಗೆ ಗ್ರೀಸ್, ಎಣ್ಣೆ ಕೈ ಯಾವುದೂ ತಗುಲಬಾರದು. ಪಿಸ್ಟನ್ ಒಳಕ್ಕೆ ತಳ್ಳುವಾಗ ಬಾನೆಟ್ ಕೆಳಗಿನ ಬ್ರೇಕ್ ದ್ರವದ ಡಬ್ಬಿ ಉಕ್ಕದಂತೆ ನೋಡಿಕೊಳ್ಳಲಿ, ಆ ದ್ರವ ಪೇಂಟ್ ತಿನ್ನುತ್ತದೆ. ಕೆಲಸ ಮುಗಿದ ಮೇಲೆ ಕಾರು ಹೊರಡಿಸುವ ಮೊದಲೇ ಪೆಡಲ್ ಗಟ್ಟಿಯಾಗುವವರೆಗೆ ಒತ್ತಬೇಕು. ಇಲ್ಲವಾದರೆ ಮೊದಲ ಬ್ರೇಕಿಗೆ ಕಾಲು ನೆಲಕ್ಕೆ ಹೋಗುತ್ತದೆ, ಗೋಡೆಗೆ ಗುದ್ದಿದ ಕಾರುಗಳಿವೆ. ಚಕ್ರದ ನಟ್ಟನ್ನು ಕಾರಿನ ಪುಸ್ತಕದಲ್ಲಿ ಹೇಳಿದ ಬಿಗಿಗೆ ಟಾರ್ಕ್ ಪಾನಾದಿಂದ ಬಿಗಿಸಲಿ.

ಆಮೇಲೆ ಪ್ಯಾಡ್ ಸೆಟ್ ಆಗಬೇಕು. ಬೆಳಗಿನ ಜಾವ ಜನ, ವಾಹನ ಇಲ್ಲದ ಅಗಲವಾದ ಬಡಾವಣೆ ರಸ್ತೆ ಆರಿಸಿ. ರಿಂಗ್ ರೋಡು, ನೈಸ್ ರಸ್ತೆ ಬೇಡ, ಹಿಂದಿನವರು ಬಂದು ಗುದ್ದುತ್ತಾರೆ. ಗಂಟೆಗೆ 50 ಕಿ.ಮೀ. ವೇಗದಿಂದ ಮಧ್ಯಮ ಒತ್ತಡದಲ್ಲಿ 10-15ಕ್ಕೆ ಇಳಿಸಿ, ಪೂರ್ತಿ ನಿಲ್ಲಿಸಬೇಡಿ. ಮುನ್ನೂರು ನಾನೂರು ಮೀಟರ್ ಓಡಿಸಿ ಮತ್ತೆ ಹಾಗೇ ಮಾಡಿ. ಎಂಟು ಹತ್ತು ಸಲ ಆದ ಮೇಲೆ ಹತ್ತು ನಿಮಿಷ ಬ್ರೇಕ್ ಮುಟ್ಟದಷ್ಟು ನಿಧಾನವಾಗಿ ಓಡಿಸಿ ಆರಲು ಬಿಡಿ. ಬಿಸಿ ಇರುವಾಗ ಪೆಡಲ್ ಒತ್ತಿಕೊಂಡು ನಿಂತರೆ ಪ್ಯಾಡಿನ ಅಚ್ಚು ಡಿಸ್ಕಿನ ಒಂದೇ ಕಡೆ ಮೂಡುತ್ತದೆ, ಆಮೇಲೆ ನಡುಕ ಹೋಗುವುದಿಲ್ಲ. ಮೊದಲ ಇನ್ನೂರು ಮುನ್ನೂರು ಕಿ.ಮೀ. ಯಾವ ಪ್ಯಾಡಾದರೂ ಹೆಚ್ಚು ಧೂಳು ಬಿಡುತ್ತದೆ. ಅದು ಮುಗಿದ ಮೇಲೆ ಚಕ್ರ ತೊಳೆದು, ಅಲ್ಲಿಂದ ಲೆಕ್ಕ ಹಿಡಿಯಿರಿ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬೋರ್‌ವೆಲ್ ನೀರು. ಚಕ್ರದ ಕಪ್ಪು ಹೋಗಿಸಲು ಹೋದರೆ ಬಿಳಿ ಕಲೆ ಉಳಿಯುತ್ತದೆ. ವಾಟರ್ ಸರ್ವಿಸ್‌ನವರು ಯಾವುದೋ ಆಸಿಡ್ ಹಾಕುತ್ತಾರೆ, ಫಳಫಳ ಹೊಳೆಯುತ್ತದೆ. ಒಳ್ಳೆಯದೇ?
– ಎಚ್‌ಎಸ್‌ಆರ್ ಬಡಾವಣೆಯ ಓದುಗರು

ಆಸಿಡ್ ಬೇಡವೇ ಬೇಡ. ಕೊಳೆಯ ಜೊತೆಗೆ ಅದು ಲ್ಯಾಕರನ್ನೂ ತಿನ್ನುತ್ತದೆ. ಲ್ಯಾಕರ್ ಹೋದ ಅಲಾಯ್ ಚಕ್ರ ಒಂದೆರಡು ಮಳೆಗಾಲದಲ್ಲಿ ಪೊರೆ ಏಳುತ್ತದೆ.

ಚಕ್ರ ಪೂರ್ತಿ ತಣ್ಣಗಾದ ಮೇಲೆ, ನೆರಳಿನಲ್ಲಿ ಕೆಲಸ ಶುರುಮಾಡಿ. ಕಾದ ಡಿಸ್ಕಿಗೆ ತಣ್ಣೀರು ಹೊಡೆಯಬೇಡಿ. ಮೊದಲು ಬರೀ ನೀರು, ಆಮೇಲೆ ಕಾರ್ ಶಾಂಪೂ ಮತ್ತು ಮೆದು ಬ್ರಷ್. ಆ ಬ್ರಷ್, ಬಕೆಟ್ ಕಾರಿನ ಮೈಗೆ ಬಳಸಬೇಡಿ, ಕಬ್ಬಿಣದ ಕಣ ಪೇಂಟ್ ಗೀರುತ್ತದೆ. ಇಷ್ಟಾದರೂ ಉಳಿಯುವ ಕಂದು ಚುಕ್ಕೆಗೆ ಐರನ್ ರಿಮೂವರ್ ಬರುತ್ತದೆ. ಅದು ಕಬ್ಬಿಣ ತಗುಲಿದಲ್ಲಿ ನೇರಳೆ ಬಣ್ಣಕ್ಕೆ ತಿರುಗುತ್ತದೆ, ಕೆಟ್ಟ ವಾಸನೆ. ಮೂರರಿಂದ ಐದು ನಿಮಿಷ ಬಿಟ್ಟು, ಒಣಗುವ ಮೊದಲೇ ಧಾರಾಳ ನೀರಿನಲ್ಲಿ ತೊಳೆಯಿರಿ. ಎರಡು ಮೂರು ತಿಂಗಳಿಗೊಮ್ಮೆ ಸಾಕು, ಕೈಗವಸು ಹಾಕಿಕೊಳ್ಳಿ.

ಬಿಳಿ ಕಲೆ ಬೋರ್‌ವೆಲ್ ನೀರಿನ ಸುಣ್ಣದ್ದು. ಕೊನೆಯ ಅರ್ಧ ಬಕೆಟ್ ಮಾತ್ರ ಕಾವೇರಿ ನೀರು ಅಥವಾ ಹಿಡಿದಿಟ್ಟ ಮಳೆ ನೀರು ಹಾಕಿ, ತಕ್ಷಣ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ. ಶುಚಿಯಾದ ಚಕ್ರಕ್ಕೆ ವ್ಹೀಲ್ ವ್ಯಾಕ್ಸ್ ಅಥವಾ ಸೀಲೆಂಟ್ ಸವರಿದರೆ ಮುಂದಿನ ಧೂಳು ಬರೀ ನೀರಿಗೇ ಬಹುಪಾಲು ಇಳಿದುಹೋಗುತ್ತದೆ. ಅಂಟಿಕೊಳ್ಳುವ ಟೈರ್ ಪಾಲಿಶ್ ಚಕ್ರಕ್ಕೂ ಡಿಸ್ಕಿಗೂ ತಗುಲದಿರಲಿ. ಡಿಸ್ಕಿಗೆ ತಗುಲಿದರೆ ಬ್ರೇಕೇ ಹಿಡಿಯುವುದಿಲ್ಲ. ತೊಳೆದ ಮೇಲೆ ನಿಧಾನವಾಗಿ ಓಡಿಸಿ ನಾಲ್ಕೈದು ಸಲ ಬ್ರೇಕ್ ಒತ್ತಿ ಡಿಸ್ಕ್ ಒಣಗಿಸಿ, ಆಮೇಲೆ ನಿಲ್ಲಿಸಿ.

ಚಕ್ರ ಮತ್ತು ಡಿಸ್ಕಿನ ನಡುವೆ ಹಾಕುವ ತಟ್ಟೆಯಂಥ ಧೂಳು ತಡೆ ಮಾರುತ್ತಾರೆ. ಹಾಕಿಸಬಹುದೇ?
– ಮಲ್ಲೇಶ್ವರದ ಓದುಗರು

ಬೇಡ. ಡಿಸ್ಕ್ ಆರುವುದೇ ಚಕ್ರದ ಸಂದಿನಲ್ಲಿ ಹಾಯುವ ಗಾಳಿಯಿಂದ. ಅದನ್ನು ಮುಚ್ಚಿದರೆ ಬಿಸಿ ಒಳಗೇ ಉಳಿದು ಪ್ಯಾಡ್ ಬೇಗ ಸವೆಯುತ್ತದೆ, ಬ್ರೇಕ್ ದ್ರವ ಕುದಿಯುವ ಅಪಾಯವೂ ಇದೆ.

ಎಲೆಕ್ಟ್ರಿಕ್ ಕಾರು ತೆಗೆದುಕೊಂಡು ಒಂದು ವರ್ಷ. ಧೂಳು ಇಲ್ಲವೇ ಇಲ್ಲ, ಆದರೆ ಬೆಳಗ್ಗೆ ಹೊರಡುವಾಗ ಬ್ರೇಕ್ ಕರಕರ ಎನ್ನುತ್ತದೆ. ಪ್ಯಾಡ್ ಬದಲಿಸಬೇಕೇ?
– ಮಹದೇವಪುರದ ಓದುಗರು

ಬದಲಿಸಬೇಕಾಗಿಲ್ಲ. ಕಾಲು ತೆಗೆದರೆ ಮೋಟಾರೇ ಕಾರನ್ನು ನಿಧಾನಿಸಿ ಬ್ಯಾಟರಿ ತುಂಬುವುದರಿಂದ ಪ್ಯಾಡಿಗೆ ಕೆಲಸವಿಲ್ಲ, ಹಾಗಾಗಿ ಧೂಳಿಲ್ಲ. ಕೆಲಸವಿಲ್ಲದ ಡಿಸ್ಕಿಗೆ ತುಕ್ಕು ಕಟ್ಟುತ್ತದೆ, ಕರಕರ ಶಬ್ದ ಅದರದು. ವಾರಕ್ಕೊಮ್ಮೆ ಖಾಲಿ ರಸ್ತೆಯಲ್ಲಿ ರೀಜೆನ್ (ಮೋಟಾರಿನ ಈ ನಿಧಾನಿಸುವಿಕೆ) ಮಟ್ಟ ಕನಿಷ್ಠಕ್ಕೆ ಇಳಿಸಿ, 50ರ ವೇಗದಿಂದ ಐದಾರು ಸಲ ಗಟ್ಟಿಯಾಗಿ ಬ್ರೇಕ್ ಒತ್ತಿ. ಪ್ಯಾಡ್ ಸವೆದಿಲ್ಲ ಎಂದು ಸರ್ವಿಸಿನಲ್ಲಿ ಕ್ಯಾಲಿಪರ್ ಪಿನ್ ಬಿಚ್ಚದೆ ಬಿಡುತ್ತಾರೆ. ವರ್ಷಕ್ಕೊಮ್ಮೆ ಬಿಚ್ಚಿ ಗ್ರೀಸ್ ಹಾಕಿ ಎಂದು ಕೇಳಿ ಮಾಡಿಸಿ.

ಬ್ರೇಕ್ ಧೂಳು ಆರೋಗ್ಯಕ್ಕೆ ಕೆಟ್ಟದ್ದೇ? ಗ್ಯಾರೇಜಿನಲ್ಲಿ ಹುಡುಗರು ಏರ್ ಹೊಡೆದು ಡ್ರಮ್ಮಿನ ಧೂಳು ಹಾರಿಸುತ್ತಾರೆ.
– ಪೀಣ್ಯದ ಓದುಗರು

ಕೆಟ್ಟದ್ದೇ. ಆ ಧೂಳಿನಲ್ಲಿ ಒಂದು ಪಾಲು ಶ್ವಾಸಕೋಶದ ಒಳಕ್ಕೆ ಇಳಿಯುವಷ್ಟು ಸಣ್ಣದು. ಯುರೋಪ್ 2024ರಲ್ಲಿ ಅಂಗೀಕರಿಸಿದ ಯುರೋ 7 ನಿಯಮದಲ್ಲಿ ಹೊಗೆಯ ಜೊತೆ ಬ್ರೇಕ್ ಧೂಳಿಗೂ ಮಿತಿ ಬಂದಿದೆ: ಪೆಟ್ರೋಲ್, ಡೀಸೆಲ್ ಕಾರಿಗೆ ಕಿಲೋಮೀಟರಿಗೆ 7 ಮಿಲಿಗ್ರಾಂ, ಪೂರ್ಣ ಎಲೆಕ್ಟ್ರಿಕ್ ಕಾರಿಗೆ 3. ಹಿಂದಿನ ಡ್ರಮ್ಮಿನ ಪುಡಿ ಹೊರಹೋಗದೆ ವರ್ಷಗಟ್ಟಲೆ ಒಳಗೇ ಕೂಡಿರುತ್ತದೆ. ಹಳೆಯ ಕಾರಿನಲ್ಲಿ ಅಗ್ಗದ ಲೈನಿಂಗ್ ಹಾಕಿದ್ದರೆ ಅದರಲ್ಲಿ ಕಲ್ನಾರು ಇದ್ದೀತು, ಅದು ಕ್ಯಾನ್ಸರ್‌ಕಾರಕ. ಏರ್ ಹೊಡೆಯಲು ಬಿಡಬೇಡಿ. ಕೆಳಗೆ ಟ್ರೇ ಇಟ್ಟು, ಬ್ರೇಕ್ ಕ್ಲೀನರ್ ಅಥವಾ ಸೋಪು ನೀರು ಸಿಂಪಡಿಸಿ ಒದ್ದೆ ಮಾಡಿ, ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಎಸೆಯಬೇಕು. ಹುಡುಗರು ಎನ್95 ಮಾಸ್ಕ್ ಹಾಕಿಕೊಳ್ಳಲಿ, ಕರ್ಚೀಫು ಸಾಲದು. ಮಕ್ಕಳನ್ನು ಜೊತೆಗೆ ಕರೆದೊಯ್ದಿದ್ದರೆ ಡ್ರಮ್ ಬಿಚ್ಚುವಾಗ ದೂರ ನಿಲ್ಲಿಸಿ.